ಕೊಕ್ಕರೆಯ ಎಡಗಾಲು

ಸೊಸೆ ಟಬ್ಬಿನಿಂದ ಎತ್ತಿದ ಮೂಳೆ ನಡುವಿಗೇ ಬಾಗಿ, ಅವಳ ಮೊಣಕೈಗೆ ಬಂದು ಬಡಿಯಿತು. ಕೊಕ್ಕರೆಯ ಎಡಗಾಲಿನ ಮೂಳೆ; ನೆನೆಹಾಕಿದಾಗ ಕೋಲಿನಂತೆ ನೆಟ್ಟಗಿದ್ದದ್ದು. ಸಂಜೆ ನಾಲ್ಕಕ್ಕೆ ಮ್ಯೂಸಿಯಮ್ಮಿನ ಹೊಸ ಹಜಾರದ ಉದ್ಘಾಟನೆ. ಅವಳು ಜೋಡಿಸಿದ ಕೊಕ್ಕರೆಯ ಅಸ್ಥಿಪಂಜರ ಅಲ್ಲಿ ಎದ್ದು ನಿಂತರೆ ಕೆಲಸ ಕಾಯಂ. ಕೊಕ್ಕರೆ ಬಿದ್ದರೆ ಅವಳೂ ಬಿದ್ದಂತೆ.

"ಅತ್ತೆ, ಇದಕ್ಕೇನು ಹಾಕಿದ್ರಿ?"

ಅಡುಗೆಮನೆಯಿಂದ ಬಂದ ಅತ್ತೆಯ ಮುಖದಲ್ಲಿ ಉಪಕಾರ ಮಾಡಿದವರ ಕಳೆಯಿತ್ತು. ಜಿಡ್ಡು ಬಿಡಲೆಂದು ಸೊಸೆ ಸೋಪುನೀರಿನಲ್ಲಿ ಇಟ್ಟ ಮೂಳೆ ವಾರಗಟ್ಟಲೆ ಕಳೆದರೂ ಬೆಳ್ಳಗಾಗದ್ದನ್ನು ನೋಡಲಾರದೆ, ನೀರು ಚೆಲ್ಲಿ ವಿನೆಗರ್ ಸುರಿದಿದ್ದರಂತೆ. ದಿನಾ ಹೊಸದು. ಕೆಟಲಿನ ತಳದ ಬಿಳಿ ಹಕ್ಕಳೆ ಹೋಗುವುದೂ ಅದರಿಂದಲೇ ತಾನೆ? ಉಳಿದ ಕೊಕ್ಕರೆಯನ್ನು ಜೋಡಿಸುವ ಗಡಿಬಿಡಿಯಲ್ಲಿ ಸೊಸೆಗೆ ಟಬ್ಬಿನ ಕಡೆ ತಿರುಗಲೂ ಪುರಸೊತ್ತಿರಲಿಲ್ಲ.

"ಆ ಹಕ್ಕಳೇಲಿರೋದೂ ಸುಣ್ಣ, ಮೂಳೇಲಿರೋದೂ ಸುಣ್ಣ, ಅತ್ತೆ. ಭಾರ ಹೊರೋದೇ ಅದು. ನೀವು ಅದನ್ನೇ ತೊಳೆದುಬಿಟ್ರಿ. ಈಗ ಉಳಿದಿರೋದು ಬರೀ ನಾರು. ಬಾಗುತ್ತೆ, ಮುರಿಯಲ್ಲ, ಆದ್ರೆ ನಿಲ್ಲೋದೂ ಇಲ್ಲ."

"ಎರಡೂ ಸೇರಿದ್ರೇನೇ ಮೂಳೆ ಅನ್ನು. ನೀನು, ನಾನು ಇದ್ದ ಹಾಗೆ," ಎಂದ ಅತ್ತೆ ಅದನ್ನು ಇಸಿದುಕೊಂಡು, ಜಡೆಗೆ ರಿಬ್ಬನ್ ಕಟ್ಟುವವರಂತೆ ಒಂದು ಗಂಟು ಹಾಕಿ ಬಿಟ್ಟರು. ಗಂಟು ಮೈಮುರಿಯುತ್ತ ತಾನಾಗಿ ಬಿಚ್ಚಿಕೊಂಡಿತು. ಅಳಲೆಂದು ಬಾಯಿ ತೆರೆದ ಸೊಸೆಯಿಂದ ಹೊರಬಿದ್ದದ್ದು ನಗು.

"ನಿಮ್ಮ ಮಗನ ಬೆನ್ನುಮೂಳೆಗೂ ಇದನ್ನೇ ಹಾಕಿದ್ರಾ?"

"ಅವನಿಗೆ ಹಾಕೋ ಅಗತ್ಯಾನೇ ಬೀಳಲಿಲ್ಲ ಕಣೇ."

ಇಬ್ಬರೂ ಟಬ್ಬಿನ ಅಂಚು ಹಿಡಿದು, ಪಕ್ಕೆ ನೋಯುವವರೆಗೆ ನಕ್ಕರು. ನಗು ಇಳಿದ ಮೇಲೆ ಗಡಿಯಾರ ಕಾಣಿಸಿತು. ಸೊಸೆಯ ಮುಖ ಮತ್ತೆ ಬಾಡಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದರು: "ಅಲ್ವೇ, ಕೊಕ್ಕರೆ ಎರಡು ಕಾಲ ಮೇಲೆ ನಿಂತಿದ್ದನ್ನ ಯಾವಾಗ ನೋಡಿದೀಯ ನೀನು?"

ನಾಲ್ಕಕ್ಕೆ ಪರದೆ ಸರಿಯಿತು. ಕೊಕ್ಕರೆ ಬಲಗಾಲ ಮೇಲೆ ತಪಸ್ಸಿಗೆ ನಿಂತಿತ್ತು. ಹೊಟ್ಟೆಯಡಿ ಸಣ್ಣ ತಂತಿಗೆ ತೂಗುಬಿದ್ದ ಎಡಗಾಲು ಫ್ಯಾನಿನ ಗಾಳಿಗೆ ಮೆಲ್ಲಗೆ ಮಡಿಸಿಕೊಂಡಿತು, ಮತ್ತೆ ಚಾಚಿಕೊಂಡಿತು. ಸಭೆ ಉಸಿರು ಬಿಗಿಹಿಡಿಯಿತು. ಇಷ್ಟು ಜೀವಕಳೆಯನ್ನು ತಾವು ಯಾವ ಅಸ್ಥಿಪಂಜರದಲ್ಲೂ ಕಂಡಿಲ್ಲವೆಂದು ನಿರ್ದೇಶಕರು ಸಾರಿದರು. ಅವಳ ಕೆಲಸ ಕಾಯಂ ಎಂದರು. ಗೋದಾಮಿನಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ ಆನೆಯನ್ನೂ ಅವಳೇ ನಿಲ್ಲಿಸಬೇಕು ಎಂದರು.

ಚಪ್ಪಾಳೆಯ ನಡುವೆ ಸೊಸೆ ಅತ್ತೆಯನ್ನು ಹುಡುಕಿದಳು. ಹಿಂದಿನ ಸಾಲಿನಲ್ಲಿ ಎದ್ದು ನಿಂತಿದ್ದ ಅತ್ತೆ, ಎರಡೂ ತೋಳುಗಳನ್ನು ಅಗಲಿಸಿ ಏನನ್ನೋ ಅಳೆಯುತ್ತಿದ್ದರು.

"ನಮ್ಮ ಟಬ್ಬು ಸಾಲಲ್ವಲ್ಲೇ."