ನಿಧಾನದ ಪ್ರೊಸೆಸರ್

ಅಂಗಡಿಯವನು ಒಂದು ಲ್ಯಾಪ್‌ಟಾಪನ್ನೂ ಒಂದು ಡೆಸ್ಕ್‌ಟಾಪನ್ನೂ ಮುಂದಿಟ್ಟ. ಸಂಗಮೇಶನಿಗೆ ಗೊಂದಲವಾಯಿತು.

"ಎರಡರಾಗೂ ಪ್ರೊಸೆಸರ್ ಹೆಸರು ಒಂದ ಐತಲ್ರೀ?"

"ಹೆಸರು ಒಂದ, ತಾಕತ್ತು ಬ್ಯಾರೆ. ಬ್ಯಾಟರಿ ಉಳೀಬೇಕು, ಬಿಸಿ ಆಗಬಾರದು ಅಂತ ಲ್ಯಾಪ್‌ಟಾಪಿನ ಪ್ರೊಸೆಸರಿಗೆ ಕರೆಂಟ್ ಕಡಿಮಿ ಕೊಡ್ತಾರ್ರಿ. ಭಾರೀ ಕೆಲಸ ಹಚ್ಚಿದ್ರ ನಿಧಾನ ಆಗತೈತಿ. ಡೆಸ್ಕ್‌ಟಾಪಿಗೆ ದೊಡ್ಡ ಫ್ಯಾನ್ ಇರತೈತಿ, ಅದು ದಣಿಯಂಗಿಲ್ಲ. ಏನ್ ಕೆಲಸಕ್ಕ ಬೇಕಾಗಿತ್ರಿ?"

"ನಮ್ಮಕ್ಕ ತನ್ನ ಮಗಳ ಸಲುವಾಗಿ ಒಂದು ಅನಿಮೇಷನ್ ಚಿತ್ರ ಮಾಡಾಕತ್ತಾಳ್ರಿ. ಅರ್ಧಕ್ಕ ನಿಂತೈತಿ. ದವಾಖಾನಿ ಹಾಸಿಗಿ ಮ್ಯಾಲ ಕುಂತು ಮುಗಸ್ತೀನಿ ಅಂತಾಳ."

"ಹಂಗಾರ ಲ್ಯಾಪ್‌ಟಾಪ್ ತಗೋರಿ. ಎರಡು ಪಟ್ಟು ಹೊತ್ತು ಹಿಡೀತೈತಿ, ಅಷ್ಟ."

ಸಂಗಮೇಶ ಅಕ್ಕ ದಾನೇಶ್ವರಿಗೆ ಫೋನ್ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದ.

"ಡೆಸ್ಕ್‌ಟಾಪ್ ತಗೋ ಸಂಗೂ."

"ಅದನ್ನ ದವಾಖಾನಿಗೆ ಹೆಂಗ ತರೂದು ಅಕ್ಕಾ?"

"ಇಲ್ಲಿಗೆ ಬ್ಯಾಡ, ಮನ್ಯಾಗ ಇಡು. ನನ್ನ ಇವತ್ತ ಮನಿಗೆ ಕಳಸ್ತಾರಂತ."

ಎಷ್ಟೋ ದಿನಗಳ ಮೇಲೆ ಸಂಗಮೇಶನ ಮುಖ ಅರಳಿತು. ಅಂಗಡಿಯವನ ಕಡೆ ನೋಡಿ ನಕ್ಕೂಬಿಟ್ಟ.

"ಆರಾಮಾತೇನ ಅಕ್ಕಾ! ಹಂಗಾರ ಇನ್ನ ಅವಸರ ಯಾಕ? ಲ್ಯಾಪ್‌ಟಾಪ್ ತರ್ತೀನಿ. ಅಂಗಳದಾಗ ಕುಂತು, ನಿಧಾನಕ ಮಾಡಿದ್ರಾತು."

"ಬ್ಯಾಡ ತಮ್ಮಾ, ಲಗೂ ಮುಗಸೂದನ್ನ ತಗೊಂಡು ಬಾ," ಎಂದಳು ದಾನೇಶ್ವರಿ. "ನನಗ ಕೊಡಾಕ ಇನ್ನ ಯಾವ ಔಷಧಾನೂ ಉಳದಿಲ್ಲಂತ ಡಾಕ್ಟರು ಹೇಳಿದ್ರು."