ಒಬ್ಬರೇ ಓದಿದ ಗ್ರಂಥ

"ಕಳ್ಳಿ! ಹಾಡಹಗಲೇ ಕಳ್ಳತನ!"

ವಿಭಾಗದ ಮುಖ್ಯಸ್ಥರು ಎಂಟು ಹಾಳೆಗಳ ಪ್ರಬಂಧವನ್ನು ಬೈಂಡಿಂಗ್ ಅಂಗಡಿಯ ಮೇಜಿನ ಮೇಲೆ ಎಸೆದರು. ಗೋಂದಿನ ಡಬ್ಬದ ಪಕ್ಕ ಮಲಗಿದ್ದ ಹದಿಮೂರು ವರ್ಷದ ಮುದಿ ಬೆಕ್ಕು ಒಂದು ಕಣ್ಣು ತೆರೆದು ಮುಚ್ಚಿತು.

ಅಂಗಡಿಯವಳಿಗೆ ನಲವತ್ತನಾಲ್ಕು. ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಇಪ್ಪತ್ತು ವರ್ಷದಿಂದ ವಿಶ್ವವಿದ್ಯಾಲಯದ ಗೇಟಿನೆದುರು ಥೀಸಿಸ್‌ಗಳಿಗೆ ರಟ್ಟು ಕಟ್ಟಿ, ಚಿನ್ನದ ಅಕ್ಷರದಲ್ಲಿ ಇನ್ನೊಬ್ಬರ ಹೆಸರು ಒತ್ತಿ ಕೊಟ್ಟವಳು. ಈಗ ಅವಳಿಗೇ ಓದುವ ಹುಚ್ಚು. ಅದೂ ಹೊರದೇಶದಲ್ಲಿ ಎಂ.ಎ.! ಮೂರು ಕಡೆ ವಿಚಾರಿಸಿದ್ದಳು. ಎರಡರ ಫೀಸಿಗೆ ಅಂಗಡಿ ಮಾರಿದರೂ ಸಾಲದು. ಮೂರನೆಯದರಲ್ಲಿ ಕೆಲಸದ ಅನುಭವ ಸಾಬೀತಾದರೆ ಫೀಸು ಪೂರಾ ಮಾಫಿ. ಒಂದು ಪ್ರಬಂಧ ಬೇಕು, ಅದನ್ನು ಓದಿದ ಪ್ರಾಧ್ಯಾಪಕರೊಬ್ಬರು ನೇರವಾಗಿ ಕಳುಹಿಸುವ ಪತ್ರ ಬೇಕು. ಕೊನೆಯ ದಿನ ಇವತ್ತು. ಇದು ತಪ್ಪಿದರೆ ಸಾಯುವ ತನಕ ಇದೇ ಗೋಂದು, ಇದೇ ರಟ್ಟು.

"ಬೇರೆ ಮೇಷ್ಟ್ರುಗಳು ಸತ್ತುಹೋಗಿದ್ರಾ? ನನ್ನ ಹತ್ರಾನೇ ಯಾಕೆ ಬಂದೆ?"

"ನನ್ನ ಕೆಲಸ ನಿಮ್ಮಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತು ಸಾರ್?"

"ಗೊತ್ತು, ಗೊತ್ತು! ಹನ್ನೆರಡು ವರ್ಷದ ಹಿಂದೆ ನನ್ನ ಥೀಸಿಸ್ ಬೈಂಡ್ ಮಾಡೋವಾಗ ಕದ್ದಿದ್ದೀಯ. ಅದೇ ಧಾಟಿ, ಅದೇ ವಾಕ್ಯ. ಮೂರನೇ ಪುಟದಲ್ಲಿ ಹೇಳಿದ್ದೀಯಲ್ಲ ಆ ಗ್ರಂಥ, ಅದರ ಹೆಸರು ನನ್ನ ಥೀಸಿಸ್ ಬಿಟ್ರೆ ಬೇರೆಲ್ಲೂ ಇಲ್ಲ!"

ಸೂಜಿಗೆ ದಾರ ಪೋಣಿಸುತ್ತಿದ್ದ ಕೈ ನಿಂತಿತು. "ಅದನ್ನ ನೀವು ಓದಿದ್ದೀರಾ ಸಾರ್?"

"ನನ್ನನ್ನ ಕೇಳ್ತೀಯಾ? ಮೂರು ಲೈಬ್ರರಿ ಜಾಲಾಡಿ ಓದಿದ್ದೀನಿ! ಈ ಊರಲ್ಲಿ ಅದನ್ನ ಓದಿರೋನು ನಾನೊಬ್ಬನೇ. ಗೋಂದು ಬಳಿಯೋಳಿಗೆ ಎಲ್ಲಿಂದ ಸಿಕ್ತು?"

ಅವಳು ಎದ್ದು ನಿಂತಳು. ಸಿಟ್ಟು ನೆತ್ತಿಗೇರಿತ್ತು, ದನಿ ಮಾತ್ರ ಏರಲಿಲ್ಲ.

"ಗೋಂದು ಬಳಿಯೋ ಕೈ ಸಾರ್ ಇದು, ಕಾಲು ಹಿಡಿಯೋ ಕೈ ಅಲ್ಲ. ನಾನು ಓದೇ ಓದ್ತೀನಿ. ನಿಮಗೇನು ಅನ್ಸುತ್ತೋ ಅದನ್ನ ಬರೀರಿ."

"ಕದ್ದಿದ್ದಾಳೆ ಅಂತಾನೇ ಬರೀತೀನಿ!"

"ಬರೀರಿ. ಆ ಗ್ರಂಥಾನ ನೀವು ಓದಿದ್ದೀರಿ ಅಂತಾನೂ ಬರೀರಿ."

ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಕುಟ್ಟತೊಡಗಿದರು. ಬೆಕ್ಕು ಬಂದು ಅವರ ಮೊಣಕೈ ಮೂಸಿತು.

"ಥೂ! ಈ ಶನಿಯನ್ನ ಅತ್ಲಾಗೆ ಓಡಿಸು!"

ಬೆಕ್ಕು ಗೋಂದಿನ ಡಬ್ಬದ ಪಕ್ಕಕ್ಕೇ ಮರಳಿ ಮಲಗಿತು. ಪತ್ರ ಹೋಯಿತು. "ಮುಗೀತು ನಿನ್ನ ಫಾರಿನ್ನು," ಎಂದು ಅವರು ಮೆಟ್ಟಿಲಿಳಿದರು.

ಅವಳು ಹದಿನೈದು ದಿನದ ಹಿಂದೆ ಕಳುಹಿಸಿದ್ದ ಅರ್ಜಿಯ ಪ್ರತಿಯನ್ನು ಡ್ರಾಯರಿನಿಂದ ತೆಗೆದು ಮತ್ತೊಮ್ಮೆ ಓದಿದಳು.

'ಬಯಸುವ ಕೋರ್ಸು: ನಕಲಿ ಸಂಶೋಧನೆಗಳ ಪತ್ತೆ.

ಅನುಭವ: ದಲ್ಲಾಳಿಯೊಬ್ಬನ ಮೂಲಕ, ನಾನು ಯಾರೆಂದು ತಿಳಿಸದೆ, ಇಪ್ಪತ್ತಾರು ಮಂದಿಗೆ ಥೀಸಿಸ್ ಬರೆದುಕೊಟ್ಟಿದ್ದೇನೆ. ಹತ್ತು ವರ್ಷದಿಂದ ಬಿಟ್ಟಿದ್ದೇನೆ. ಗುರುತಿಗೆಂದು ಒಂದೊಂದರಲ್ಲೂ ಒಂದೊಂದು ಇಲ್ಲದ ಗ್ರಂಥವನ್ನು ಸೇರಿಸಿದ್ದೆ. ನನ್ನ ಪ್ರಬಂಧದ ಮೂರನೇ ಪುಟದಲ್ಲಿರುವುದು ಅಂಥದ್ದೊಂದು. ಪುರಾವೆಯನ್ನು ಪ್ರಾಧ್ಯಾಪಕರೇ ಕಳುಹಿಸುತ್ತಾರೆ.'

ಬಟ್ಟಲಿಗೆ ಹಾಲು ಸುರಿದು, ಆ ಗ್ರಂಥ ಬರೆದ ಮಹಾವಿದ್ವಾಂಸನನ್ನು ಅವಳು ಹೆಸರು ಹಿಡಿದು ಕರೆದಳು. ಗೋಂದಿನ ಡಬ್ಬದ ಪಕ್ಕದಿಂದ ಅವನು ಎದ್ದು, ಮೈ ಮುರಿದು, ಬಾಲ ಎತ್ತಿಕೊಂಡು ಬಂದ.