ಹನ್ನೊಂದು ಸೆಕೆಂಡು

"ಬಿಪಿ ನೋಡಲಾ, ಮೊರಾಗ್?"

"ಬೇಡ."

ಮಹಾಶ್ವೇತಾ ಬಿಪಿ ಪಟ್ಟಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಡೆಯಲಾರದೆ ನಕ್ಕು, "ಒಂದೇ ನಿಮಿಷ" ಎನ್ನುತ್ತ ಮುದುಕಿಯ ಸಣಕಲು ತೋಳಿಗೆ ಅದನ್ನು ಸುತ್ತತೊಡಗಿದಳು.

"ಫೇಲ್!" ಮೊರಾಗ್ ತೋಳು ಎಳೆದುಕೊಂಡಳು. ನರ್ಸುಗಳು ಎದೆಗೆ ಚುಚ್ಚಿಕೊಳ್ಳುವ ಹಳೆಯ ಗಡಿಯಾರವೊಂದು ಅವಳ ಸ್ವೆಟರಿನ ಮೇಲೆ ತಲೆಕೆಳಗಾಗಿ ತೂಗುತ್ತಿತ್ತು. ಅದನ್ನು ಎತ್ತಿ ನೋಡಿದಳು. "ಹನ್ನೊಂದು ಸೆಕೆಂಡು. ನಿನ್ನೆಯೂ ಹನ್ನೊಂದೇ. ಅದಕ್ಕಿಂತ ಹೆಚ್ಚು ನಿನ್ನ ಕೈ ಸುಮ್ಮನಿರಲ್ಲ."

ಹುಬ್ಬಳ್ಳಿಯಲ್ಲಿ ಒಂಬತ್ತು ವರ್ಷ ನರ್ಸಾಗಿದ್ದ ಮಹಾಶ್ವೇತಾ, ಸಿಡ್ನಿಯ ಲಿವರ್‌ಪೂಲಿನ ಈ ಏಜ್ಡ್ ಕೇರ್ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಿ ಉಣ್ಣಿಸುವ ಕೆಲಸಕ್ಕಿದ್ದಳು. ಇಲ್ಲಿ ನರ್ಸ್ ಆಗಬೇಕಾದರೆ ಪರೀಕ್ಷೆ ಪಾಸಾಗಬೇಕು. ಎರಡು ಸಲ ಫೇಲಾಗಿತ್ತು. ಮೂರನೆಯದೇ ಕೊನೆಯದು, ಬರುವ ಮಂಗಳವಾರ ಮೆಲ್ಬರ್ನ್‌ನಲ್ಲಿ. ಸೂಜಿ, ಡ್ರೆಸ್ಸಿಂಗ್, ಔಷಧಿ ಎಲ್ಲದರಲ್ಲೂ ಅವಳದು ಪಳಗಿದ ಕೈ. ಸೋತದ್ದು ಪೇಷಂಟ್ ವೇಷ ಹಾಕಿ ಮಲಗಿದ್ದ ಪರೀಕ್ಷೆಯ ಹೆಂಗಸಿನ ಮುಂದೆ. ಆಕೆ ಬೇಡ ಎಂದಾಗ, ಊರಿನಲ್ಲಿ ಸಾವಿರ ಸಲ ಮಾಡಿದ ಹಾಗೆಯೇ ಪುಸಲಾಯಿಸಿ ಕೆಲಸ ಮುಗಿಸಿಬಿಟ್ಟಿದ್ದಳು. ಎರಡು ಸಲವೂ. ಬೇಡ ಎಂದವರನ್ನು ಇಲ್ಲಿ ಮುಟ್ಟುವಂತಿಲ್ಲ; ಅದನ್ನೇ ಮೊರಾಗ್ ಈಗ ದಿನಾ ಅಭ್ಯಾಸ ಮಾಡಿಸುತ್ತಿದ್ದಳು.

"ಈ ಸಲಾನಾದ್ರೂ ಕೈ ಕಟ್ಕೊಂಡು ನಿಂದ್ರವಾ ತಾಯಿ," ಎಂದು ಬೆಳಿಗ್ಗೆ ಕಾರಿನಿಂದ ಇಳಿಸುವಾಗ ಗಂಡ ವಿರುಪಾಕ್ಷ ಛೇಡಿಸಿದ್ದ. "ಬ್ಯಾಡ ಬ್ಯಾಡ ಅಂದ್ರೂ ನನ್ನ ತಾಟಿಗೆ ಮೂರನೇ ರೊಟ್ಟಿ ಹಾಕಾಕಿ ನೀ!"

ಮೊರಾಗ್‌ಗೆ ತೊಂಬತ್ತೈದು. ಇಪ್ಪತ್ತೈದರಲ್ಲಿ ಸ್ಕಾಟ್‌ಲೆಂಡಿನಿಂದ ಹಡಗು ಹತ್ತಿ ಬಂದು, ಸಿಡ್ನಿಯ ಆಸ್ಪತ್ರೆಗಳಲ್ಲಿ ಮೂವತ್ತೆಂಟು ವರ್ಷ ದುಡಿದವಳು. ಮೈ ಸೋತಿದ್ದರೂ ಕೂತಲ್ಲಿ ಕೂರುವ ಜೀವವಲ್ಲ. ಹೊರಗೆ ಆಸ್ಪತ್ರೆಯ ಹೆಲಿಕಾಪ್ಟರಿನ ಸದ್ದಾದರೆ ಸಾಕು, ಡ್ಯೂಟಿಗೆ ಹೊರಟವಳ ಹಾಗೆ ಕಾಲು ಕೆಳಗಿಡುತ್ತಿದ್ದಳು. ಇವತ್ತಂತೂ ಚಾದರದ ಮೂಲೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಲೇ ಇದ್ದಳು. ಹತ್ತು ಗಂಟೆಗೆ ಮಗಳು ರೋನಾ ಬಂದು ಅವಳನ್ನು ಮೆಲ್ಬರ್ನ್‌ಗೆ ಕರೆದೊಯ್ಯುವವಳಿದ್ದಳು. ಅಲ್ಲಿನ ಕ್ಲೈಡ್ ನಾರ್ತ್‌ನಲ್ಲಿ, ಮಗಳ ಮನೆಯ ಹತ್ತಿರವೇ ಇಂಥದ್ದೇ ಇನ್ನೊಂದು ಜಾಗ ಬುಕ್ ಆಗಿತ್ತು.

"ಹೋಗಲ್ಲ ಅಂತ ಮಗಳಿಗೆ ಹೇಳಿದ್ರಾ?"

"ಎರಡು ಸಲ ಹೇಳ್ದೆ. 'ಒಂದು ತಿಂಗಳು ಇದ್ದು ನೋಡು, ಮಮ್' ಅಂದಳು. ನಿನ್ನ ಒಂದು ನಿಮಿಷ, ಅವಳ ಒಂದು ತಿಂಗಳು."

ಮಹಾಶ್ವೇತಾ ಪಟ್ಟಿ ಸುತ್ತಿಡುತ್ತ ಕೇಳಿದಳು: "ನಿಮ್ಮ ಕಾಲದಲ್ಲಿ ಪೇಷಂಟನ್ನ ಕೇಳ್ತಿದ್ರಾ?"

ಚಾದರದ ಮೇಲಿನ ಕೈ ನಿಂತಿತು. "ಯಾರು ಕೇಳ್ತಿದ್ರು? ಅರವತ್ತೆರಡನೇ ಇಸವಿಯಲ್ಲಿ ಒಬ್ಬಳು ಹುಡುಗಿ. ಹದಿನೇಳು ವಯಸ್ಸು, ಮದುವೆ ಆಗಿರಲಿಲ್ಲ. ಮಗೂನ ದತ್ತು ಕೊಡೋದು ಅಂತ ದೊಡ್ಡವರು ತೀರ್ಮಾನ ಮಾಡಿಬಿಟ್ಟಿದ್ರು. ತರೋಕೆ ನನ್ನ ಕಳಿಸಿದ್ರು. ಕೊಡಲ್ಲ ಅಂದಳು. 'ಒಂದೇ ನಿಮಿಷ, ತೂಕ ನೋಡಿ ತರ್ತೀನಿ' ಅಂದೆ."

"ಆಮೇಲೆ?"

"ಅವಳು ಬಾಗಿಲನ್ನೇ ನೋಡ್ತಾ ಕೂತಿದ್ದಳಂತೆ. ನಾನು ಮಗೂನ ದೊಡ್ಡವರ ಕೈಗೆ ಕೊಟ್ಟು, ಹಿಂದಿನ ಮೆಟ್ಟಿಲು ಇಳಿದು ಮನೆಗೆ ಹೋದೆ."

ಅಷ್ಟರಲ್ಲಿ ಬಾಗಿಲು ತೆರೆದು ರೋನಾ ಬಂದಳು. ಕೆಟ್ಟವಳಲ್ಲ. ಆರು ವರ್ಷದಿಂದ ತಿಂಗಳಿಗೊಮ್ಮೆ ಮೆಲ್ಬರ್ನ್‌ನಿಂದ ಹಾರಿ ಬರುತ್ತ, ತಾನೂ ಅರವತ್ತು ದಾಟಿ ದಣಿದಿದ್ದಳು. ತಾಯಿಯ ಹಣೆಗೆ ಮುತ್ತಿಟ್ಟು, "ಕಾರು ಕಾಯ್ತಿದೆ ಮಮ್, ಫ್ಲೈಟಿಗೆ ಎರಡೇ ಗಂಟೆ," ಎಂದಳು. ಮತ್ತೆ ಮಹಾಶ್ವೇತಾಳ ಕಡೆ ತಿರುಗಿ ದನಿ ತಗ್ಗಿಸಿದಳು: "ನಿನ್ನ ಕೈಗೆ ಒಗ್ಗಿದ್ದಾಳೆ. ಕುರ್ಚಿಗೆ ಕೂರಿಸಿಬಿಡು, ಪ್ಲೀಸ್."

ಹತ್ತಕ್ಕೆ ರೆಡಿ ಇರಲಿ ಎಂದು ಮ್ಯಾನೇಜರೂ ಹೇಳಿ ಹೋಗಿದ್ದಳು. ಮಹಾಶ್ವೇತಾ ಗಾಲಿಕುರ್ಚಿ ತಂದು ಮಂಚಕ್ಕೆ ತಾಗಿಸಿ ಬ್ರೇಕ್ ಹಾಕಿದಳು. ಬಾಗಿದಳು. ಅವಳ ಎರಡೂ ಕೈ ಆಗಲೇ ಮುದುಕಿಯ ಕಂಕುಳಿನ ಹತ್ತಿರಕ್ಕೆ ಹೋಗಿದ್ದವು. ಹಕ್ಕಿಯಷ್ಟು ಹಗುರ ಜೀವ. ಒಂದು ನಗು, ಒಂದು ಸವಿಮಾತು, ಮುಗಿಯಿತು. ಊರಿನಲ್ಲಾದರೆ ಇಷ್ಟು ಹೊತ್ತಿಗೆ ಪೇಷಂಟೂ ನಕ್ಕುಬಿಡುತ್ತಿದ್ದರು.

ಕೈ ಅಲ್ಲೇ ನಿಂತಿತು.

"ಮೊರಾಗ್, ಕುರ್ಚಿಗೆ ಕೂರಿಸಲಾ?"

"ಬೇಡ."

"ಅವಳು ಯಾವಾಗ್ಲೂ ಹಾಗೇ ಅನ್ನೋದು," ಎಂದಳು ರೋನಾ. "ನೀನು ಎತ್ತು."

ಮಹಾಶ್ವೇತಾ ನೆಟ್ಟಗೆ ನಿಂತಳು. ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಬೆರಳು ಬೆಳ್ಳಗಾಗುವ ಹಾಗೆ ಹಿಡಿದಿತ್ತು. ರೋನಾಳ ಚೀಲದೊಳಗೆ ಫೋನು ರಿಂಗಾಯಿತು, ಅವಳು ಎತ್ತಲಿಲ್ಲ. ಖಾಲಿ ಕುರ್ಚಿಯನ್ನು ನೋಡಿದಳು. ಮಹಾಶ್ವೇತಾ ಯಾಕೆ ಹೀಗೆ ನಿಂತಳೆಂದು ನೋಡಿದಳು. ಕೊನೆಗೆ ತಾಯಿಯ ಮುಖವನ್ನು ನೋಡಿದಳು.

ಮೊರಾಗ್ ಎದೆಯ ಗಡಿಯಾರವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಿದ್ದಳು. ತುಟಿಗಳು ಮೆಲ್ಲಗೆ ಅಲುಗುತ್ತಿದ್ದವು.

"ಹನ್ನೆರಡು," ಎಂದಳು.